ಮಂಗಳೂರಿನಿಂದ ದುಬೈ: ದೂರದ ಲೆಕ್ಕ, ಗಡಿಯಾರದ ಲೆಕ್ಕ

ಅಕ್ಷಾಂಶ, ರೇಖಾಂಶ, ಪ್ರಮಾಣ ಸಮಯ ಇವನ್ನು ನಾವು ಬೇರೆ ಬೇರೆ ಪಾಠಗಳಾಗಿ ಓದುತ್ತೇವೆ. ಮೂರೂ ಒಂದೇ ಕಡೆ ಸೇರುವುದನ್ನು ನೋಡಬೇಕಿದ್ದರೆ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ಹೋಗುವ ಒಂದು ವಿಮಾನದ ಟಿಕೆಟ್ ಸಾಕು. ನಮ್ಮ ಕರಾವಳಿಯಲ್ಲಿ ಅದಕ್ಕೇನೂ ಬರವಿಲ್ಲ.

ಬಜಪೆ ನಿಲ್ದಾಣ ಇರುವುದು ಸುಮಾರು 13° ಉತ್ತರ, 74.9° ಪೂರ್ವದಲ್ಲಿ. ದುಬೈ ನಿಲ್ದಾಣ 25.3° ಉತ್ತರ, 55.4° ಪೂರ್ವ. ಅಂದರೆ ಉತ್ತರಕ್ಕೆ 12.3 ಡಿಗ್ರಿ, ಪಶ್ಚಿಮಕ್ಕೆ 19.5 ಡಿಗ್ರಿ ಸರಿಯಬೇಕು. ಅಕ್ಷಾಂಶದ ಒಂದು ಡಿಗ್ರಿ ಎಲ್ಲಿ ಅಳೆದರೂ ಹೆಚ್ಚುಕಡಿಮೆ 111 ಕಿ.ಮೀ. ರೇಖಾಂಶದ್ದು ಹಾಗಲ್ಲ, ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಎರಡೂ ಊರುಗಳ ನಡುವಿನ 19° ಅಕ್ಷಾಂಶದಲ್ಲಿ ಅದು 105 ಕಿ.ಮೀ. ಮಾತ್ರ.

ಉತ್ತರಕ್ಕೆ: 12.3 × 111 = 1365 ಕಿ.ಮೀ.
ಪಶ್ಚಿಮಕ್ಕೆ: 19.5 × 105 = 2048 ಕಿ.ಮೀ.

ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 2460 ಕಿ.ಮೀ. ಭೂಮಿ ಗುಂಡಗಿದ್ದರೂ ಇಷ್ಟು ದೂರಕ್ಕೆ, ಆ ಗುಂಡನ್ನೂ ಲೆಕ್ಕಕ್ಕೆ ಹಿಡಿಯುವ ಮಹಾವೃತ್ತದ ಸೂತ್ರದಿಂದಲೂ ಹತ್ತಿರ ಹತ್ತಿರ ಇದೇ ಉತ್ತರ ಬರುತ್ತದೆ. 105ರ ಬದಲು 111 ಹಾಕಿದರೆ ಮಾತ್ರ ಉತ್ತರ 100 ಕಿ.ಮೀ. ಉಬ್ಬುತ್ತದೆ, ಎಚ್ಚರ. ಅಂದಹಾಗೆ, ದೆಹಲಿ ನಮಗೆ ನೇರ ದಾರಿಯಲ್ಲಿ 1750 ಕಿ.ಮೀ. ದುಬೈ ಅದಕ್ಕಿಂತ 700 ಕಿ.ಮೀ. ಅಷ್ಟೇ ಹೆಚ್ಚು.

ಬೋಯಿಂಗ್ 737ರಂಥ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 840 ಕಿ.ಮೀ. ಹಾರುತ್ತದೆ. 2460 ÷ 840 ಎಂದರೆ 2 ಗಂಟೆ 56 ನಿಮಿಷ. ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು ಸೇರಿಸಿದರೆ ಮೂರೂವರೆ ಗಂಟೆ.

ಈಗ ಹೆಚ್ಚಿನವರು ಎಡವುವ ಜಾಗ. ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲಪುವ ವೇಳೆ ತಲಪುವ ಊರಿನದು. ಲೆಕ್ಕಕ್ಕೆಂದು ಒಂದು ಉದಾಹರಣೆ ತೆಗೆದುಕೊಳ್ಳೋಣ: ಬಜಪೆ ಬೆಳಿಗ್ಗೆ 8.00, ದುಬೈ 10.15. ಕಳೆದರೆ ಎರಡೂಕಾಲು ಗಂಟೆ! ಅಷ್ಟರಲ್ಲಿ ಯಾವ ಪ್ರಯಾಣಿಕ ವಿಮಾನವೂ ಅಲ್ಲಿಗೆ ಮುಟ್ಟದು. ನಮ್ಮ ಪ್ರಮಾಣ ಸಮಯ 82.5° ಪೂರ್ವ ರೇಖಾಂಶದ್ದು, ದುಬೈಯದು 60°ಯದು. ವ್ಯತ್ಯಾಸ 22.5 ಡಿಗ್ರಿ, ಡಿಗ್ರಿಗೆ 4 ನಿಮಿಷದಂತೆ 90 ನಿಮಿಷ. ಹಾಗಾಗಿ ಮೊದಲು ಎರಡೂ ವೇಳೆಯನ್ನು ಒಂದೇ ಗಡಿಯಾರಕ್ಕೆ ತನ್ನಿ, ಆಮೇಲೆ ಕಳೆಯಿರಿ. ದುಬೈಯ 10.15 ನಮಗೆ 11.45. ಪ್ರಯಾಣ 3 ಗಂಟೆ 45 ನಿಮಿಷ.

ಇದೇ ದಾರಿಯಲ್ಲಿ ವಾಪಸು ಬರುವಾಗ ಮೂರೂವರೆ ಗಂಟೆ ಎಂದಿಟ್ಟುಕೊಳ್ಳಿ. ಹೋಗುವಾಗ ಮೂರೂಮುಕ್ಕಾಲು, ಬರುವಾಗ ಮೂರೂವರೆ ಯಾಕೆ? ಭೂಮಿ ತಿರುಗುವುದರಿಂದ ಎಂದು ಬರೆಯಬೇಡಿ. ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಚಳಿಗಾಲದಲ್ಲಿ ಈ ದಾರಿಯ ಉತ್ತರ ಭಾಗದಲ್ಲಿ 10–12 ಕಿ.ಮೀ. ಎತ್ತರದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾಗಿ ಬೀಸುತ್ತದೆ. ಅದು ಗಂಟೆಗೆ 60 ಕಿ.ಮೀ. ಎಂದುಕೊಳ್ಳಿ. ಹೋಗುವಾಗ ವೇಗ 780ಕ್ಕೆ ಇಳಿದು 3 ಗಂಟೆ 9 ನಿಮಿಷ, ಬರುವಾಗ 900ಕ್ಕೆ ಏರಿ 2 ಗಂಟೆ 44 ನಿಮಿಷ. ಈ ಲೆಕ್ಕದಲ್ಲಿ ಬಂದ 25 ನಿಮಿಷದ ಅಂತರ ಗಾಳಿಯದ್ದೇ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲಿನ ಎತ್ತರದ ಗಾಳಿ ಪೂರ್ವದಿಂದ ಬೀಸುವುದರಿಂದ ಈ ಅಂತರ ತಗ್ಗುತ್ತದೆ.

ಇನ್ನು ತಾರೀಕು. ದುಬೈಯಿಂದ 14ರ ರಾತ್ರಿ 11.50ಕ್ಕೆ ಹೊರಟವರನ್ನು ಕರೆತರಲು ಉಡುಪಿಯಿಂದ ಹೋಗಬೇಕು ಎಂದಿಟ್ಟುಕೊಳ್ಳಿ. ಅಲ್ಲಿ 11.50 ಆದಾಗ ನಮಗೆ 15ರ ನಸುಕಿನ 1.20. ಮೂರೂವರೆ ಗಂಟೆ ಸೇರಿಸಿದರೆ ವಿಮಾನ ಬಜಪೆಯಲ್ಲಿ ಇಳಿಯುವುದು 15ರ 4.50ಕ್ಕೆ. ರಸ್ತೆ ಸುಮಾರು 60 ಕಿ.ಮೀ., ಕಾರು ಮೂರು ಗಂಟೆಗೆ ಹೊರಟರೆ ಸಾಕು.