ಒಂದೇ ಕೋಶದಲ್ಲಿ ಎರಡು ಬಣ್ಣ: ಪಿ16 ಮತ್ತು ಕೆಐ-67 ಓದುವ ಕ್ರಮ

ಗರ್ಭಕಂಠದ ಕ್ಯಾನ್ಸರಿನ ಸುಳಿವು ಹುಡುಕಲು ಅಲ್ಲಿಯ ಕೋಶಗಳನ್ನು ಸವರಿ ನೋಡುವ ಪ್ಯಾಪ್ ಸ್ಮಿಯರ್‌ನಲ್ಲಿ ನಮ್ಮ ಕಣ್ಣು ಹೆಚ್ಚು ತಡವರಿಸುವುದು ಸಹಜವೆಂದೂ ಕೆಟ್ಟಿದೆಯೆಂದೂ ಹೇಳಲಾಗದ ಕೋಶಗಳ ಮುಂದೆ. ಕೋಶಕೇಂದ್ರ ಸಾಮಾನ್ಯ ಮಧ್ಯಪದರ ಕೋಶದ ಕೇಂದ್ರಕ್ಕಿಂತ ವಿಸ್ತೀರ್ಣದಲ್ಲಿ 2.5ರಿಂದ 3 ಪಟ್ಟು ದೊಡ್ಡದಾಗಿದ್ದು, ಬೇರೆ ಲಕ್ಷಣಗಳು ಸಾಲದೆ ಹೋದಾಗ ವರದಿ ಬರೆಯುವ ಬೆಥೆಸ್ಡಾ ಪದ್ಧತಿಯಂತೆ ಎಎಸ್‌ಸಿ-ಯುಎಸ್, ಅಂದರೆ ಅರ್ಥ ಖಚಿತವಿಲ್ಲದ ಅಸಹಜ ಕೋಶಗಳು, ಎಂದು ಬರೆಯುತ್ತೇವೆ. ವಿಜಯಪುರದಲ್ಲಿ ಕಲಿಯುವ ನಾವು ಈ ಅನುಮಾನವನ್ನು ಹಗುರವಾಗಿ ಕಾಣುವಂತಿಲ್ಲ. ಇಂಡಿ, ಸಿಂದಗಿ ಕಡೆಯ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದ ಹೆಣ್ಣುಮಗಳನ್ನು ಕಾಲ್ಪೋಸ್ಕೋಪಿಗೆಂದು (ಗರ್ಭಕಂಠವನ್ನು ಹಿಗ್ಗಿಸಿ ತೋರುವ ಯಂತ್ರದಿಂದ ಮಾಡುವ ಪರೀಕ್ಷೆ) ಮತ್ತೆ ಕರೆಸಬೇಕೋ ಬೇಡವೋ ಎಂಬುದು ಆ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಇಂಥ ಕಡೆ ನೆರವಿಗೆ ಬರುವುದು ಪಿ16 ಮತ್ತು ಕೆಐ-67 ಎಂಬ ಎರಡು ಪ್ರೋಟೀನುಗಳ ಜೋಡಿ ಬಣ್ಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಪಿ16 ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನದಲ್ಲ, ನಮ್ಮ ಕೋಶದ್ದೇ ಪ್ರೋಟೀನು. ಅದರ ತೂಕ ಸುಮಾರು 16 ಕಿಲೋಡಾಲ್ಟನ್ ಆದುದರಿಂದ ಆ ಹೆಸರು. ಎಚ್‌ಪಿವಿ 16 ಎಂಬ ವೈರಸ್ ಬಗೆಯ ಸಂಖ್ಯೆಗೂ ಇದಕ್ಕೂ ಸಂಬಂಧವಿಲ್ಲ.

ಸಹಜ ಕೋಶದಲ್ಲಿ ಆರ್‌ಬಿ ಪ್ರೋಟೀನು ವಿಭಜನೆಗೆ ಚಾಲನೆ ಕೊಡುವ ಇ2ಎಫ್ ಎಂಬ ಅಂಶವನ್ನು ಹಿಡಿದಿಟ್ಟು ವಿಭಜನೆಯನ್ನು ತಡೆಯುತ್ತದೆ. ಪಿ16 ತಾನು ಆ ಹಿಡಿತವನ್ನು ಸಡಿಲಿಸುವ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ಅಡ್ಡಗಟ್ಟಿ ಅದನ್ನು ಕಾಯುತ್ತದೆ. ಎಚ್‌ಪಿವಿ 16, 18ರಂಥ ಅಪಾಯದ ಬಗೆಗಳ ಇ7 ಪ್ರೋಟೀನು ಆರ್‌ಬಿಗೆ ಅಂಟಿ ಅದನ್ನೇ ನಾಶಮಾಡಿದಾಗ ಪಿ16 ವಿಪರೀತವಾಗಿ ತಯಾರಾಗುತ್ತದೆ, ಆದರೂ ವಿಭಜನೆ ನಿಲ್ಲುವುದಿಲ್ಲ. ಮೂಗುದಾರ ಹರಿದ ಎತ್ತಿನ ಹಗ್ಗವನ್ನು ಎಷ್ಟು ಜಗ್ಗಿದರೇನು, ಎತ್ತು ಓಡುತ್ತಲೇ ಇರುತ್ತದೆ. ಆ ಓಟವನ್ನು ತೋರಿಸುವುದು ಕೆಐ-67. ವಿಭಜನೆಯ ಚಕ್ರದಲ್ಲಿರುವ ಕೋಶದ ಕೇಂದ್ರದಲ್ಲಿ ಅದು ಇರುತ್ತದೆ, ವಿಶ್ರಾಂತ ಕೋಶದಲ್ಲಿ ಇರುವುದಿಲ್ಲ.

ಒಂಟಿ ಬಣ್ಣವನ್ನು ನಂಬಲಾಗದು. ಮೆಟಾಪ್ಲಾಸಿಯಾ ಕೋಶಗಳು (ಒಂದು ಬಗೆಯಿಂದ ಇನ್ನೊಂದು ಬಗೆಗೆ ಮಾರ್ಪಡುತ್ತಿರುವವು), ಗರ್ಭಾಶಯದ ಒಳಪದರದ ಕೋಶಗಳು ಕಾಯಿಲೆಯಿಲ್ಲದೆಯೂ ಪಿ16 ತೋರಿಸಬಹುದು. ಉರಿಯೂತದಿಂದ ಚೇತರಿಸಿಕೊಳ್ಳುತ್ತಿರುವ ಕೋಶಗಳಲ್ಲಿ ಕೆಐ-67 ಸಹಜವೇ. ಹಗ್ಗ ಜಗ್ಗುವುದೂ ಓಟವೂ ಒಂದೇ ಕೋಶದಲ್ಲಿ ಕೂಡಿದಾಗ ಮಾತ್ರ ನಿಯಂತ್ರಣ ತಪ್ಪಿದೆ ಎನ್ನಬಹುದು.

ಸ್ಲೈಡಿನಲ್ಲಿ ಪಿ16 ಕಂದು ಬಣ್ಣವಾಗಿ ಕೋಶದ್ರವ್ಯದಲ್ಲಿಯೂ, ಕೆಐ-67 ಕೆಂಪಾಗಿ ಕೋಶಕೇಂದ್ರದಲ್ಲಿಯೂ ಕಾಣುತ್ತವೆ. ಎರಡೂ ಇರುವ ಒಂದೇ ಒಂದು ಕೋಶ ಸಿಕ್ಕರೂ ಪಾಸಿಟಿವ್. ಆ ಕೋಶದ ಆಕಾರ ಕೆಟ್ಟಿರಬೇಕೆಂಬ ನಿಯಮವಿಲ್ಲ. ಈ ನಿಯಮ ಸರಳವಾಗಿ ಕಂಡರೂ ನಾನು ಎಡವಿದ್ದು ಇಲ್ಲಿಯೇ. ದಟ್ಟ ಗುಂಪೊಂದರಲ್ಲಿ ಕಂದು ಹಿನ್ನೆಲೆಯ ನಡುವೆ ಕೆಂಪು ಕೇಂದ್ರ ಕಂಡು ಪಾಸಿಟಿವ್ ಎಂದು ಗುರುತು ಹಾಕಿದ್ದೆ. ಫೋಕಸ್ ತಿರುಪನ್ನು ಮೆಲ್ಲಗೆ ತಿರುಗಿಸಿ ನೋಡಿದಾಗ ಕಂದು ಕೋಶ ಮೇಲಿನ ಪದರದಲ್ಲಿಯೂ ಕೆಂಪು ಕೇಂದ್ರ ಅದರ ಕೆಳಗಿನ ಬೇರೊಂದು ಕೋಶದಲ್ಲಿಯೂ ಇರುವುದು ತಿಳಿಯಿತು. ಅಂದಿನಿಂದ ಗುಂಪುಗಳ ಅಂಚಿನಲ್ಲಿ ಬಿಡಿಯಾಗಿ ನಿಂತ ಕೋಶಗಳನ್ನು ಮೊದಲು ನೋಡುತ್ತೇನೆ.

ಎಚ್‌ಪಿವಿ ಪಾಸಿಟಿವ್ ಬಂದವರಲ್ಲಿ ಮುಂದಿನ ವಿಂಗಡಣೆಗೆ ಈ ಪರೀಕ್ಷೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿತು. ವರದಿಯಲ್ಲಿ ಪಾಸಿಟಿವ್ ಅಥವಾ ನೆಗೆಟಿವ್ ಎಂದಷ್ಟೇ ಬರೆಯಬೇಕು. ಕೆಟ್ಟ ಭಾಗ ಯಾವ ದರ್ಜೆಯದೆಂಬುದನ್ನು ಕಾಲ್ಪೋಸ್ಕೋಪಿಯಲ್ಲಿ ತೆಗೆದ ಬಯಾಪ್ಸಿಯೇ ಹೇಳಬೇಕು.