ಕರಾವಳಿಯ ಸೆಕೆಯಲ್ಲಿ ಯೀಸ್ಟ್ ಕಾಪಿಡುವುದು

ಬಿಯರ್ ಹುದುಗಿ ಮುಗಿದ ಪಾತ್ರೆಯ ಬುಡದಲ್ಲಿ ಗಟ್ಟಿ ಗಂಜಿಯಂಥ ಗಸಿ ಕೂತಿರುತ್ತದೆ. ಹೆಚ್ಚಿನವರು ಅದನ್ನು ಬಚ್ಚಲಿಗೆ ಸುರಿಯುತ್ತಾರೆ. ಅದರ ಬಹುಪಾಲು ಜೀವಂತ ಯೀಸ್ಟ್, ಅದೂ ನಾವು ಮೊದಲು ಹಾಕಿದ್ದಕ್ಕಿಂತ ಮೂರರಿಂದ ಐದು ಪಟ್ಟು ಬೆಳೆದದ್ದು. ಕಾರವಾರದಲ್ಲೋ ಶಿರಸಿಯಲ್ಲೋ ಬಿಯರ್ ಯೀಸ್ಟ್ ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಕೊರಿಯರ್‌ನಲ್ಲಿ ತರಿಸಬೇಕು, ಏಪ್ರಿಲ್-ಮೇ ತಿಂಗಳಲ್ಲಿ ತರಿಸಿದರೆ ಪೊಟ್ಟಣ ದಾರಿಯುದ್ದಕ್ಕೂ ಸೆಕೆಯಲ್ಲಿ ಬೆಂದು ಬರುತ್ತದೆ. ಹಾಗಾಗಿ ಒಮ್ಮೆ ಕೈಗೆ ಬಂದ ಒಳ್ಳೆಯ ತಳಿಯನ್ನು ಉಳಿಸಿಕೊಳ್ಳುವ ವಿದ್ಯೆ ಇಲ್ಲಿಯವರಿಗೆ ಬೇಕೇ ಬೇಕು. ತೊಡಕು ಎಂದರೆ ಈ ವಿದ್ಯೆಯ ಸೂಚನೆಗಳೆಲ್ಲ ಚಳಿ ದೇಶದವರು ಬರೆದವು. ಅವರು ಯೀಸ್ಟ್ ತೊಳೆಯುವುದರ ಬಗ್ಗೆ ಪುಟಗಟ್ಟಲೆ ಹೇಳುತ್ತಾರೆ. ನಮ್ಮ ಕರಾವಳಿಯಲ್ಲಿ ತೊಳೆಯುವುದಕ್ಕಿಂತ ಬೇಗ ತೆಗೆಯುವುದು, ತಂಪಾಗಿ ಇಡುವುದು, ಬೇಗ ಬಳಸುವುದು ಮುಖ್ಯ.

ಮೊದಲೇ ಹೇಳಬೇಕಾದ ಮಾತು: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಮದ್ಯ ತಯಾರಿಕೆಗೆ ಪರವಾನಗಿ ಬೇಕು. ಅದನ್ನು ವಿಚಾರಿಸಿಕೊಂಡೇ ಮುಂದುವರಿಯಿರಿ.

ಸೆಕೆ ಯೀಸ್ಟಿಗೆ ಯಾಕೆ ಶತ್ರು? ಹುದುಗು ಮುಗಿಯುವ ಹೊತ್ತಿಗೆ ಪ್ರತಿ ಕೋಶವೂ ತನ್ನೊಳಗೆ ಗ್ಲೈಕೋಜನ್ ಮತ್ತು ಟ್ರೆಹಲೋಸ್ ಎಂಬ ಸಕ್ಕರೆಗಳನ್ನು ಕೂಡಿಟ್ಟುಕೊಂಡಿರುತ್ತದೆ. ಹೊರಗೆ ಆಹಾರವಿಲ್ಲದಾಗ ಅದನ್ನೇ ತಿಂದು ಜೀವ ಹಿಡಿದಿರುತ್ತದೆ, ಮುಂದಿನ ಸಲ ಹುದುಗು ಶುರುಮಾಡುವುದಕ್ಕೂ ಅದೇ ಬಂಡವಾಳ. 3–4 ಡಿಗ್ರಿಯಲ್ಲಿ ಈ ದಾಸ್ತಾನು ವಾರಗಟ್ಟಲೆ ಬರುತ್ತದೆ, 30 ಡಿಗ್ರಿಯಲ್ಲಿ ಕೆಲವೇ ದಿನಗಳಲ್ಲಿ ಕರಗುತ್ತದೆ. ಕರಗಿದ ಮೇಲೆ ಕೋಶ ಸಾಯುತ್ತದೆ, ಅದರೊಳಗಿನ ಕಿಣ್ವಗಳು ಅದನ್ನೇ ಜೀರ್ಣಿಸಿ ಗೋಡೆ ಒಡೆಯುತ್ತವೆ. ಒಳಗಿನ ರಸ ಹೊರಬಂದರೆ ಸೋಯಾ ಸಾಸಿನಂಥ, ಸುಟ್ಟ ರಬ್ಬರಿನಂಥ ವಾಸನೆ. ಆ ರಸವೇ ಬ್ಯಾಕ್ಟೀರಿಯಾಗಳಿಗೆ ಊಟ. ಮೊಸರಿನ ಹೆಪ್ಪನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ದಿನದಿಂದ ದಿನಕ್ಕೆ ದಾಟಿಸುವವರು ಯೀಸ್ಟನ್ನೂ ಹಾಗೇ ಇಡಬಹುದೆಂದು ಭಾವಿಸುವುದುಂಟು. ಹೆಪ್ಪಿನ ಬ್ಯಾಕ್ಟೀರಿಯಾ ತನ್ನ ಸುತ್ತ ಗಟ್ಟಿ ಹುಳಿಯ ಕೋಟೆ ಕಟ್ಟಿಕೊಳ್ಳುತ್ತದೆ, ದಿನವೂ ಹೊಸ ಹಾಲು ಸಿಗುತ್ತದೆ. ಯೀಸ್ಟಿನ ಗಸಿಗೆ ಆ ಎರಡೂ ಇಲ್ಲ.

ಗಸಿ ತೆಗೆಯುವ ಹೊತ್ತು ಯಾವುದು? ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಎರಡು ದಿನ ಒಂದೇ ಅಂಕ ತೋರಿಸಿದರೆ ಹುದುಗು ಮುಗಿದಿದೆ. ಅಲ್ಲಿಂದ ಮೂರು-ನಾಲ್ಕು ದಿನಗಳೊಳಗೆ ಬಿಯರನ್ನು ಬೇರೆ ಪಾತ್ರೆಗೆ ಇಳಿಸಿ. ಗಸಿಯ ಮೇಲೆ ಒಂದು ಬೆರಳಿನಷ್ಟು ಬಿಯರ್ ಉಳಿದಿರಲಿ. ಅದರಲ್ಲೇ ಪಾತ್ರೆಯನ್ನು ಮೆಲ್ಲಗೆ ತಿರುಗಿಸಿ ಗಸಿ ಕದಡಿ. ಅರ್ಧ ಲೀಟರಿನ ಗಾಜಿನ ಜಾಡಿಗಳನ್ನು, ಮುಚ್ಚಳಗಳನ್ನು ಮೊದಲೇ ಕುಕ್ಕರಿನಲ್ಲಿ 20 ನಿಮಿಷ ಬೇಯಿಸಿ ತಣಿಸಿಟ್ಟಿರಬೇಕು. ಬರೀ ಕುದಿಸಿದರೆ ಬೀಜಾಣುಗಳು ಉಳಿಯುತ್ತವೆ. ಅದರಲ್ಲೂ ಘಟ್ಟದ ಮೇಲಿನ ಶಿರಸಿಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಏರುವುದರಿಂದ ಶಾಖ 118–120ಕ್ಕೆ ಹೋಗುತ್ತದೆ. ಪಾತ್ರೆಯ ಬಾಯಿಯನ್ನು ಔಷಧಿ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅದು ಪೂರ್ತಿ ಆರಿದ ಮೇಲೆ ಸುರಿಯಿರಿ. ಹತ್ತಿರ ಉರಿಯುವ ಒಲೆ ಇರಬಾರದು. ಅಡಿಯಲ್ಲಿ ನಲ್ಲಿ ಇರುವ ಪಾತ್ರೆಯಾದರೆ ನಲ್ಲಿಯಿಂದ ತೆಗೆಯಬೇಡಿ, ಅದರ ಸಂದಿಯಲ್ಲಿ ಏನು ಬೆಳೆದಿರುತ್ತದೋ ಕಣ್ಣಿಗೆ ಕಾಣುವುದಿಲ್ಲ.

ಜಾಡಿಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಮುಚ್ಚಳ ಸಡಿಲವಾಗಿಯೇ ಇರಲಿ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಳಿದ ಸಕ್ಕರೆ ಹುದುಗಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ, ಬಿಗಿಯಾಗಿ ಮುಚ್ಚಿದ ಗಾಜು ಫ್ರಿಜ್ಜಿನೊಳಗೇ ಸಿಡಿಯಬಲ್ಲದು.

ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟ ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಲೆ ತಿಳಿ ಬಿಯರ್. ಅದರ ಕೆಳಗೆ ಕೆನೆಬಣ್ಣದ ನುಣುಪಾದ ದಪ್ಪ ಪದರ. ತೀರಾ ಬುಡದಲ್ಲಿ ಕಂದು-ಹಸಿರು ಕಣಗಳು: ಹಾಪ್ಸಿನ (ಬಿಯರಿಗೆ ಕಹಿ ಕೊಡುವ ಹೂವು) ಚೂರು, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಪ್ರೋಟೀನು, ಸತ್ತ ಕೋಶಗಳು. ನಮಗೆ ಬೇಕಾದದ್ದು ನಡುವಿನ ಕೆನೆ. ಅವಸರಕ್ಕೆ ಮೊದಲೇ ತಳ ಸೇರಿದ ಕೋಶಗಳು ಹುದುಗನ್ನು ಅರ್ಧಕ್ಕೆ ಬಿಡುವ ಜಾತಿ. ಎಲ್ಲಕ್ಕಿಂತ ಕೊನೆಗೆ ಇಳಿದವನ್ನೇ ಆರಿಸುತ್ತ ಹೋದರೆ ನಾಲ್ಕೈದು ಸಲದಲ್ಲಿ ಬಿಯರ್ ತಿಳಿಯಾಗುವುದೇ ನಿಲ್ಲುತ್ತದೆ. ನಡುವಿನದನ್ನು ಹಿಡಿದರೆ ತಳಿ ತನ್ನ ಗುಣ ಉಳಿಸಿಕೊಳ್ಳುತ್ತದೆ.

ಇನ್ನು ತೊಳೆಯುವ ವಿಚಾರ. ಕುದಿಸಿ ತಣಿಸಿದ ನೀರು ಹಾಕಿ ಕಲಕಿ, 20 ನಿಮಿಷ ಬಿಟ್ಟು, ಮೇಲಿನ ಹಾಲಿನಂಥ ಭಾಗವನ್ನು ಇನ್ನೊಂದು ಜಾಡಿಗೆ ಬಗ್ಗಿಸುವುದು ಹಳೆಯ ಕ್ರಮ. ನೋಡಲು ಚೆಂದದ ಬಿಳಿ ಯೀಸ್ಟ್ ಸಿಗುತ್ತದೆ. ಆದರೆ ಗಸಿಯ ಮೇಲಿದ್ದ ಬಿಯರಿನಲ್ಲಿ ಆಮ್ಲ ಇತ್ತು, pH (ಈ ಅಂಕ ಇಳಿದಷ್ಟೂ ಹುಳಿ ಹೆಚ್ಚು) 4ರಿಂದ 4.5ರ ಆಸುಪಾಸು. ಆಲ್ಕೋಹಾಲ್ ಇತ್ತು, ಹಾಪ್ಸಿನ ಕಹಿ ಇತ್ತು. ಮೂರೂ ಬ್ಯಾಕ್ಟೀರಿಯಾಗಳನ್ನು ದೂರ ಇಡುತ್ತಿದ್ದವು. ನೀರು ಹಾಕಿದೊಡನೆ ಮೂರೂ ತೆಳ್ಳಗಾಗುತ್ತವೆ, ಮೇಲಾಗಿ ಒಂದು ಜಾಡಿಯಿಂದ ಇನ್ನೊಂದಕ್ಕೆ ಸುರಿಯುವ ಪ್ರತಿ ಸಲವೂ ಗಾಳಿಯ ಕೊಳೆ ಸೇರುತ್ತದೆ. ಮಳೆಗಾಲದ ಕಾರವಾರದಲ್ಲಿ ಗೋಡೆ, ಬಟ್ಟೆ, ಚಪ್ಪಲಿ ಎಲ್ಲದಕ್ಕೂ ಬೂಸ್ಟು ಹಿಡಿದಿರುವಾಗ ಗಾಳಿಯಲ್ಲಿ ಏನೇನಿರುತ್ತದೆಂದು ಬೇರೆ ಹೇಳಬೇಕಿಲ್ಲ. ಸ್ಟೌಟ್ ಎಂಬ ಕಪ್ಪು ಬಿಯರಿನ ಯೀಸ್ಟನ್ನು ಬಿಳಿ ಬಿಯರಿಗೆ ಹಾಕುವಂಥ ಪ್ರಸಂಗ ಬಿಟ್ಟರೆ ತೊಳೆಯದೆ, ಅದರದೇ ಬಿಯರಿನ ಕೆಳಗೆ ಇಡುವುದೇ ಸರಿ. ದೊಡ್ಡ ಬ್ರೂವರಿಗಳು ಫಾಸ್ಫರಿಕ್ ಆಮ್ಲದಿಂದ pH 2ರ ಹತ್ತಿರಕ್ಕೆ ಇಳಿಸಿ ತೊಳೆಯುವುದುಂಟು. ಅದು ಕಾಡು ಯೀಸ್ಟನ್ನು ಕೊಲ್ಲುವುದಿಲ್ಲ, ಮನೆಯಲ್ಲಿ ಮಾಡುವ ಕೆಲಸವೂ ಅಲ್ಲ.

ಫ್ರಿಜ್ಜಿನ ಬಾಗಿಲಲ್ಲಿ ಜಾಡಿ ಇಡಬೇಡಿ, ತೆಗೆದು ಹಾಕಿದಾಗಲೆಲ್ಲ ಅಲ್ಲಿ ಸೆಕೆ ಹೊಡೆಯುತ್ತದೆ. ಒಳಗೆ, ಹಿಂಭಾಗದಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು, ತಂತಿ ಹರಿದು ಕರೆಂಟು ಹೋಗುವುದು ಇಲ್ಲಿ ಮಾಮೂಲು. ಬಾಗಿಲು ತೆಗೆಯದ ಫ್ರಿಜ್ಜು ಸುಮಾರು 4 ತಾಸು ತಂಪು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಹೋಗುವ ಊರಾದರೆ ಜಾಡಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ, ನೀರಿನ ಬಾಟಲಿಗಳ ಜೊತೆ ಫ್ರಿಜ್ಜಿನೊಳಗೇ ಇಡಿ. ಮಂಜುಗಡ್ಡೆ ಇಟ್ಟರೆ ಅದು ಜಾಡಿಗೆ ತಾಗಬಾರದು. ಕೋಶದೊಳಗೆ ಹರಳುಗಟ್ಟಿದರೆ ಯೀಸ್ಟ್ ಹರಿದು ಸಾಯುತ್ತದೆ.

ಎರಡು ವಾರದೊಳಗೆ ಬಳಸುವುದಾದರೆ ನೇರ ಹಾಕಬಹುದು. ಎಷ್ಟು? ಏಲ್ ಬಿಯರಿಗೆ (ಸಾಮಾನ್ಯ ಶಾಖದಲ್ಲಿ ಹುದುಗುವಂಥದು) ಪ್ರತಿ ಮಿಲಿಲೀಟರಿಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ರಸದಲ್ಲಿರುವ ಸಕ್ಕರೆಯ ಅಳತೆ) 7.5 ಲಕ್ಷ ಕೋಶ ಎಂಬುದು ಬ್ರೂವರ್‌ಗಳ ಲೆಕ್ಕ. ತಂಪಿನಲ್ಲಿ ಹುದುಗುವ ಲಾಗರಿಗೆ ಇದರ ಎರಡು ಪಟ್ಟು. ಹೈಡ್ರೋಮೀಟರಿನಲ್ಲಿ 1.048 ತೋರುವ ವರ್ಟ್ (ಹುದುಗುವ ಮುಂಚಿನ ಸಿಹಿ ಮಾಲ್ಟ್ ರಸ) ಸುಮಾರು 12 ಪ್ಲೇಟೋ. 20 ಲೀಟರಿಗೆ 18,000 ಕೋಟಿ ಕೋಶಗಳು ಬೇಕಾಯಿತು. ಚೆನ್ನಾಗಿ ತಳ ಕೂತ ಗಸಿಯಲ್ಲಿ ಮಿಲಿಲೀಟರಿಗೆ ಹೆಚ್ಚುಕಡಿಮೆ 100 ಕೋಟಿ. ಅಂದರೆ 180 ಮಿ.ಲೀ., 5 ಲೀಟರಿನ ಸಣ್ಣ ಪಾತ್ರೆಗೆ 45 ಮಿ.ಲೀ. ಸಾಕು. ಹಳೆ ಗಸಿಯ ಮೇಲೇ ಹೊಸ ವರ್ಟ್ ಸುರಿಯುವ ಸೋಮಾರಿ ದಾರಿ ಬೇಡ. ಕೋಶಗಳು ವಿಪರೀತ ಆಗಿ ಹೊಸದಾಗಿ ಬೆಳೆಯುವುದಿಲ್ಲ, ಪರಿಮಳ ಹುಟ್ಟುವುದಿಲ್ಲ, ಮುದಿ ಕೋಶಗಳೇ ಉಳಿಯುತ್ತವೆ. ಕಡಿಮೆ ಹಾಕಿದರೆ ಇನ್ನೂ ಕೆಟ್ಟದು. ಹುದುಗು ತಡವಾಗಿ ಶುರುವಾಗುತ್ತದೆ, ಆ ಸಂದಿನಲ್ಲಿ ಹುಳಿ ಬ್ಯಾಕ್ಟೀರಿಯಾ ನುಗ್ಗುತ್ತದೆ.

ಎರಡು ವಾರ ದಾಟಿದ್ದಕ್ಕೆ ಹಿಂದಿನ ದಿನ ಸ್ಟಾರ್ಟರ್ (ಯೀಸ್ಟನ್ನು ಎಬ್ಬಿಸಿ ಬೆಳೆಸುವ ಸಣ್ಣ ಹುದುಗು) ಮಾಡಿ: ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಪುಡಿ, 15 ನಿಮಿಷ ಕುದಿಸಿ, 25 ಡಿಗ್ರಿಗೆ ತಣಿಸಿ, ಗಸಿ ಹಾಕಿ, ನೆನಪಾದಾಗಲೆಲ್ಲ ಅಲ್ಲಾಡಿಸಿ. ಮಾಲ್ಟಿನ ಬದಲು ಸಕ್ಕರೆಯನ್ನೋ ಜೋನಿಬೆಲ್ಲವನ್ನೋ ಹಾಕಬೇಡಿ. ಅದರಲ್ಲಿ ಯೀಸ್ಟ್ ಮೈ ಬೆಳೆಸಲು ಬೇಕಾದ ಸಾರಜನಕ ಸಾಲದು, ಮಾಲ್ಟಿನ ಸಕ್ಕರೆಯಾದ ಮಾಲ್ಟೋಸ್ ತಿನ್ನುವ ರೂಢಿಯೂ ತಪ್ಪುತ್ತದೆ. ಸ್ಟಾರ್ಟರಿನ ವರ್ಟನ್ನು ಕುದಿಸಿ ಬಾಟಲಿಯಲ್ಲಿ ಮುಚ್ಚಿ ಹೊರಗೆ ಇಟ್ಟುಕೊಳ್ಳುವುದು ಪ್ರಾಣಕ್ಕೇ ಅಪಾಯ. ಅದರ ಹುಳಿ ಕಡಿಮೆ, ಕುದಿಯುವ ಶಾಖಕ್ಕೆ ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬೀಜಾಣು ಸಾಯುವುದಿಲ್ಲ. ಬೇಕಾದಾಗ ಮಾಡಿ, ಆಗಲೇ ಬಳಸಿ.

ಹಾಕುವ ಮುನ್ನ ಮೂಗೇ ಮೊದಲ ಪರೀಕ್ಷಕ. ಹಸಿ ಬ್ರೆಡ್ಡಿನ, ಬಿಯರಿನ ವಾಸನೆ ಇರಬೇಕು. ವಿನೆಗರ್, ಹುಳಿ, ಮಾಂಸದ ಸಾರು, ಇವುಗಳಲ್ಲಿ ಯಾವುದು ಬಂದರೂ ಚೆಲ್ಲಿ. ಮೇಲೆ ತೆಳು ಪೊರೆ ಕಟ್ಟಿದ್ದರೂ ಚೆಲ್ಲಿ. pH 5ರ ಹತ್ತಿರ ಏರಿದ್ದರೆ ಕೋಶಗಳು ಒಡೆದಿವೆ ಎಂದೇ ಅರ್ಥ. ಸೂಕ್ಷ್ಮದರ್ಶಕ ಸಿಗುವವರು ಮೆಥಿಲೀನ್ ಬ್ಲೂ ಒಂದು ಹನಿ ಬೆರೆಸಿ 400 ಪಟ್ಟು ಹಿಗ್ಗಿಸಿ ನೋಡಬಹುದು: ಜೀವ ಇರುವ ಕೋಶ ಬಣ್ಣ ಕಳೆದು ಬಿಳಿಯಾಗಿ ಉಳಿಯುತ್ತದೆ, ಸತ್ತದ್ದು ನೀಲಿ. ಬಿಳಿ ಕೋಶಗಳ ಮೈಮೇಲೆ ಮೊಗ್ಗುಗಳು ಕಂಡರೆ ಸ್ಟಾರ್ಟರ್ ಎದ್ದಿದೆ.

ಯಾವ ಗಸಿಯನ್ನು ಉಳಿಸಬಾರದು ಎನ್ನುವುದೂ ಗೊತ್ತಿರಬೇಕು. ಗೇರುಹಣ್ಣಿನ, ದ್ರಾಕ್ಷಿಯ ವೈನಿನ ಬುಡದ ಯೀಸ್ಟ್ 12 ಶೇಕಡಾ ಆಲ್ಕೋಹಾಲಿನಲ್ಲಿ, ಸಾರಜನಕವಿಲ್ಲದೆ ನರಳಿ ನಿಂತದ್ದು. ಅದನ್ನು ಮತ್ತೆ ಬಳಸಿದರೆ ಹುದುಗು ನಡುವೆ ನಿಲ್ಲುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಶಿರಸಿಯ ಜೇನಿನಿಂದ ಮಾಡಿದ ಮೀಡಿಗೂ ಇದೇ ಮಾತು. 6 ಶೇಕಡಾ ಒಳಗಿನ ಹಗುರ ಬಿಯರಿನದನ್ನು ಮಾತ್ರ ಉಳಿಸಿ, ನಾಲ್ಕೈದು ಪೀಳಿಗೆಗೆ ನಿಲ್ಲಿಸಿ. ಜಾಡಿಯ ಮೇಲೆ ತಳಿ, ದಿನಾಂಕ, ಎಷ್ಟನೆಯ ಪೀಳಿಗೆ ಎಂದು ಬರೆದಿರಲಿ.

ಸೆಕೆಯ ಜೊತೆ ಹೊಂದಿಕೊಳ್ಳುವ ತಳಿಯೂ ಒಂದಿದೆ. ನಾರ್ವೆಯ ಹಳ್ಳಿಗರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ 30ರಿಂದ 40 ಡಿಗ್ರಿಯಲ್ಲೂ ಸ್ವಚ್ಛವಾಗಿ ಹುದುಗುತ್ತದೆ. ಸಾಮಾನ್ಯ ಏಲ್ ಯೀಸ್ಟ್ ಆ ಸೆಕೆಯಲ್ಲಿ ಥಿನ್ನರಿನ ರುಚಿ ಕೊಡುತ್ತದೆ. ಹಳ್ಳಿಗರು ಇದನ್ನು ಮರದ ಬಳೆಗಳ ಮೇಲೆ, ಬಟ್ಟೆಯ ಮೇಲೆ ಒಣಗಿಸಿ ಇಡುತ್ತಿದ್ದರು. ನಾವು ಬೆಣ್ಣೆ ಕಾಗದದ ಮೇಲೆ ಗಸಿಯನ್ನು ತೆಳ್ಳಗೆ ಹರಡಿ ಒಣಗಿಸಬಹುದು, 40 ಡಿಗ್ರಿ ಮೀರದ ಹಾಗೆ. ಡಿಸೆಂಬರ್‌ನಿಂದ ಫೆಬ್ರವರಿ ಇದಕ್ಕೆ ಕಾಲ. ಮಳೆಗಾಲದ ತೇವದಲ್ಲಿ ಒಣಗುವ ಮೊದಲೇ ಬೂಸ್ಟು ಬರುತ್ತದೆ. ಗರಿಗರಿಯಾದ ಚಕ್ಕೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಫ್ರೀಜರಿನಲ್ಲಿಡಿ.

ಫ್ರಿಜ್ಜನ್ನೇ ನಂಬಲಾಗದ ಕಡೆಗೆ ಇನ್ನೊಂದು ದಾರಿಯಿದೆ. ಶ್ರೀಲಂಕಾದಲ್ಲಿ ಕೆಲಸ ಮಾಡಿದ್ದ ಇಟಲಿಯ ವೈದ್ಯ ಆಲ್ಡೋ ಕ್ಯಾಸ್ಟೆಲ್ಲಾನಿ ಶಿಲೀಂಧ್ರಗಳು ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಬಹುಕಾಲ ಬದುಕುತ್ತವೆಂದು 1939ರಲ್ಲಿ ತೋರಿಸಿದರು. ಯೀಸ್ಟಿಗೂ ಅದು ಒಗ್ಗುತ್ತದೆ. ಮೇಲೆ ನೀರು ಬೇಡ ಎಂದವರು ಇಲ್ಲಿ ನೀರು ಎನ್ನುತ್ತಾರಲ್ಲ ಎನ್ನಬೇಡಿ. ಅಲ್ಲಿ ಲೋಟಗಟ್ಟಲೆ ಗಸಿ, ಅದರಲ್ಲಿ ಸತ್ತವುಗಳ ರಸ, ಸುರಿಯುವಾಗ ಸೇರಿದ ಗಾಳಿಯ ಕೊಳೆ. ಇಲ್ಲಿ ನಿರ್ಜೀವೀಕರಿಸಿದ ನೀರು, ಸಾಸಿವೆ ಕಾಳಿಗಿಂತ ಕಡಿಮೆ ಯೀಸ್ಟ್. ಆಹಾರ ಇಲ್ಲದ್ದರಿಂದ ಕೋಶ ಮಲಗಿಬಿಡುತ್ತದೆ. ಅಗರ್ ತಟ್ಟೆಯ (ಜೆಲ್ಲಿಯಂತೆ ಗಟ್ಟಿಯಾದ ಆಹಾರದ ತಟ್ಟೆ) ಮೇಲೆ ಬೆಳೆಸಿದ ಒಂದೇ ಒಂದು ದುಂಡಗಿನ, ಕೆನೆಬಣ್ಣದ ಕಾಲೊನಿಯನ್ನು (ಯೀಸ್ಟ್ ಕೋಶಗಳ ಗುಂಪು) ಉರಿಯಲ್ಲಿ ಕಾಯಿಸಿ ತಣಿಸಿದ ತಂತಿಯಿಂದ ಮುಟ್ಟಿ, ಕುಕ್ಕರಿನಲ್ಲಿ ಬೇಯಿಸಿದ ಸಣ್ಣ ಸೀಸೆಯೊಳಗಿನ 5 ಮಿ.ಲೀ. ಬಟ್ಟಿ ನೀರಿಗೆ ಅದ್ದಿ ಬಿಗಿಯಾಗಿ ಮುಚ್ಚಿ. ಔಷಧಿ ಅಂಗಡಿಯ ಇಂಜೆಕ್ಷನ್ ನೀರೂ ಆದೀತು. ನೀರು ಮಬ್ಬಾಗಿ ಕಂಡರೆ ಯೀಸ್ಟ್ ಜಾಸ್ತಿಯಾಗಿದೆ, ಇನ್ನೊಂದು ಸೀಸೆ ಮಾಡಿ. ಕತ್ತಲೆಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಬರುತ್ತದೆ. ಬೇಕಾದಾಗ ಸೀಸೆ ಅಲ್ಲಾಡಿಸಿ, ಒಂದೆರಡು ಹನಿಯನ್ನು 10 ಮಿ.ಲೀ. ವರ್ಟಿಗೆ ಹಾಕಿ. ಎರಡು ದಿನಕ್ಕೆ ಬುಡದಲ್ಲಿ ಬಿಳಿ ಚುಕ್ಕೆ ಕಾಣಬೇಕು. ಅಲ್ಲಿಂದ 100 ಮಿ.ಲೀ.ಗೆ, ಆಮೇಲೆ ಒಂದು ಲೀಟರಿಗೆ. ಒಂದೇ ಸಲ ಲೀಟರಿಗೆ ಹಾರಿಸಿದರೆ ಅಷ್ಟು ಕಡಿಮೆ ಕೋಶಗಳು ಏಳುವ ಮೊದಲೇ ಬೇರೆ ಯಾವುದೋ ಜೀವಿ ಆ ಮಾಲ್ಟನ್ನು ತಿಂದಿರುತ್ತದೆ.