ಹೆಣದ ಮೇಲಿನ ಗಡಿಯಾರ

1977ರಲ್ಲಿ ಅಮೆರಿಕದ ಟೆನೆಸ್ಸಿಯಲ್ಲಿ ಯಾರೋ ಹಳೇ ಸಮಾಧಿಯೊಂದನ್ನು ಅಗೆದಿದ್ದರು. ಅಲ್ಲಿ ತಲೆಯಿಲ್ಲದ ಹೆಣವೊಂದು ಸಿಕ್ಕಿತು. ಮಾಂಸ ಇನ್ನೂ ಗುಲಾಬಿ ಬಣ್ಣದಲ್ಲೇ ಇತ್ತು. ಪೊಲೀಸರು ಮೂಳೆ ತಜ್ಞ ವಿಲಿಯಂ ಬಾಸ್ ಅವರನ್ನು ಕರೆಸಿದರು. ಸತ್ತು ಒಂದು ವರ್ಷವೂ ಆಗಿಲ್ಲ ಅಂದರು ಬಾಸ್. ಆಮೇಲೆ ನೋಡಿದರೆ ಅದು 1864ರಲ್ಲಿ ಅಂತರ್ಯುದ್ಧದಲ್ಲಿ ಸತ್ತ ಕರ್ನಲ್ ವಿಲಿಯಂ ಶೈ ಅವರ ಹೆಣ! ಲೆಕ್ಕ ತಪ್ಪಿದ್ದು ಸುಮಾರು 113 ವರ್ಷ.

ಬಾಸ್ ತಪ್ಪನ್ನು ಮುಚ್ಚಿಡಲಿಲ್ಲ. ಹೆಣ ಹೇಗೆ ಕೊಳೆಯುತ್ತದೆ ಅಂತ ದಿನದಿನವೂ ನೋಡಲು ನಾಕ್ಸ್‌ವಿಲ್‌ನಲ್ಲಿ ಒಂದು ಬಯಲನ್ನೇ ಮೀಸಲಿಟ್ಟರು. ಜನ ಅದನ್ನು 'ಬಾಡಿ ಫಾರ್ಮ್' ಅಂತಾರೆ.

ಸತ್ತು ಎಷ್ಟು ಹೊತ್ತಾಯಿತು ಅಂತ ಹೇಳಲು ಮೈ ತಣ್ಣಗಾಗುವುದು, ಸೆಟೆದುಕೊಳ್ಳುವುದು ಇವೆಲ್ಲ ಮೊದಲ ಎರಡು ಮೂರು ದಿನದ ಲೆಕ್ಕಕ್ಕಷ್ಟೇ ಆಗುತ್ತವೆ. ಆಮೇಲೆ ನೊಣದ ಹುಳುಗಳ ವಯಸ್ಸು ನೋಡುತ್ತಾರೆ. ಆದರೆ ಚಳಿಗಾಲದಲ್ಲಿ ನೊಣಗಳೇ ಬರದಿದ್ದರೆ?

ಆಗ ಬ್ಯಾಕ್ಟೀರಿಯಾಗಳನ್ನು ನೋಡಬಹುದು. ಮೊದಲು ಕೆಲಸ ಶುರು ಮಾಡುವವು ಎಲ್ಲಿಂದಲೋ ಬರಬೇಕಾಗಿಲ್ಲ, ದೇಹದ ಒಳಗೇ ಇರುತ್ತವೆ. ಎದೆಬಡಿತ ನಿಂತ ಮೇಲೆ ಅವನ್ನು ತಡೆಯುವವರಿಲ್ಲ. ಹೊಟ್ಟೆಯ ಬಲಗಡೆ ಕೆಳಗೆ ಮೊದಲು ಒಂದು ಹಸಿರು ಕಲೆ ಮೂಡುತ್ತದೆ. ಅಲ್ಲೇ ಯಾಕೆ? ದೊಡ್ಡಕರುಳು ಶುರುವಾಗುವ ಚೀಲದಂಥ ಭಾಗ ಅಲ್ಲಿ ಚರ್ಮಕ್ಕೆ ತೀರ ಹತ್ತಿರ ಇರುತ್ತದೆ. ಬ್ಯಾಕ್ಟೀರಿಯಾಗಳು ಬಿಡುವ ಹೈಡ್ರೋಜನ್ ಸಲ್ಫೈಡ್ ರಕ್ತದ ಹಿಮೋಗ್ಲೋಬಿನ್ ಜೊತೆ ಸೇರಿದಾಗ ಬರುವ ಬಣ್ಣ ಅದು. ಮುಂದೆ ಹೊಟ್ಟೆ ಊದುತ್ತದೆ, ಒಡೆಯುತ್ತದೆ. ಗಾಳಿ ಒಳಗೆ ಹೋಗುತ್ತದೆ, ರಸ ಮಣ್ಣಿಗೆ ಇಳಿಯುತ್ತದೆ, ಮಣ್ಣಿನಲ್ಲಿ ಅಮೋನಿಯಾ ಜಾಸ್ತಿಯಾಗುತ್ತದೆ. ಗಾಳಿ ಬೇಡದ ಜೀವಿಗಳು ಹಿಂದೆ ಸರಿದು, ಗಾಳಿ ಬೇಕಾದವು ಮುಂದೆ ಬರುತ್ತವೆ. ಒಂದು ತಂಡ ಉಂಡು ಎದ್ದ ಮೇಲೆ ಇನ್ನೊಂದು ಪಂಕ್ತಿ ಕೂತ ಹಾಗೆ. ಈಗ ಯಾವ ಪಂಕ್ತಿ ನಡೀತಿದೆ ಅಂತ ಗೊತ್ತಾದರೆ ಹೊತ್ತೂ ಗೊತ್ತಾಗುತ್ತದೆ, ಅಲ್ವಾ?

ಅಮೆರಿಕದ ವಿಜ್ಞಾನಿ ಜೆಸ್ಸಿಕಾ ಮೆಟ್‌ಕಾಫ್ ಅವರ ತಂಡ 2013ರಲ್ಲಿ ಸತ್ತ ಇಲಿಗಳ ಮೇಲೆ ಇದನ್ನು 48 ದಿನ ನೋಡಿತು. ಸಾವಿನ ದಿನದ ಅಂದಾಜು ಸುಮಾರು 3 ದಿನ ಆಚೀಚೆ ಬಂತು. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹದಾನದಿಂದ ಬಂದ 36 ಶವಗಳನ್ನು ಬೇರೆ ಬೇರೆ ಹವೆಯ ಮೂರು ಊರುಗಳಲ್ಲಿ, ಬೇರೆ ಬೇರೆ ಋತುಗಳಲ್ಲಿ ಬಯಲಲ್ಲಿ ಇಟ್ಟಿದ್ದರು. 21 ದಿನ ಚರ್ಮದಿಂದಲೂ ಪಕ್ಕದ ಮಣ್ಣಿನಿಂದಲೂ ಮಾದರಿ ತೆಗೆದು, ಡಿಎನ್‌ಎ ಓದಿ, ಲೆಕ್ಕವನ್ನು ಕಂಪ್ಯೂಟರಿಗೆ ಕಲಿಸಿದರು. ಆಗಲೂ ಸುಮಾರು 3 ದಿನದ ಅಂತರವೇ ಬಂತು. ನನಗೆ ಅದಕ್ಕಿಂತ ಸೋಜಿಗ ಅನಿಸಿದ್ದು ಬೇರೆ. ಊರು, ಹವೆ ಯಾವುದೇ ಇರಲಿ, ಸುಮಾರು 20 ಬಗೆಯ ಅದೇ ಜೀವಿಗಳು ಎಲ್ಲ ಕಡೆಯೂ ಹಾಜರ್! ಮಾಮೂಲಿ ಮಣ್ಣಿನಲ್ಲಿ, ಬದುಕಿರುವವರ ಚರ್ಮದಲ್ಲಿ ಇವು ಸಿಗುವುದೇ ಅಪರೂಪ. ಹುಳ ಹುಪ್ಪಟೆಗಳೇ ಹೊತ್ತು ತರುತ್ತಿರಬೇಕು ಅನ್ನುವುದು ಅವರ ಅನುಮಾನ.

ಮೂರು ದಿನ ಆಚೀಚೆ ಅಂದರೆ ಕೋರ್ಟಿನಲ್ಲಿ ಸಣ್ಣ ಮಾತಲ್ಲ. ಆರೋಪಿಯ ವಕೀಲರಿಗೆ ಅಷ್ಟು ಸಂದು ಸಾಕು. ಇನ್ನು ಕರ್ನಲ್ ಶೈ ಹೆಣದ ಮುಂದೆ ಈ ಗಡಿಯಾರವೂ ಸೋಲುತ್ತಿತ್ತು. ಅದಕ್ಕೆ ಕೊಳೆಯದಂತೆ ಔಷಧಿ ತುಂಬಿ, ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಿದ್ದರು. ಒಳಗಿನ ಬ್ಯಾಕ್ಟೀರಿಯಾಗಳಿಗೆ ಊಟವೇ ಸಿಕ್ಕಿರಲಿಲ್ಲ.